ತರಗತಿಯಲ್ಲಿ ಮಕ್ಕಳ ಮಾತಿಗೆ ಎಷ್ಟು ಬೆಲೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪಾಠದ ವಿಚಾರದಲ್ಲಿ ಮಕ್ಕಳ ಅಭಿಪ್ರಾಯ ಕೇಳುವುದು, ತರಗತಿಯ ತೀರ್ಮಾನಗಳಲ್ಲಿ ಅವರನ್ನು ಸೇರಿಸಿಕೊಳ್ಳುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಏಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಐದು ಶಿಕ್ಷಕರವು, ಒಂದು ತಾಯಿಯದು, ಒಂದು ಹೈಸ್ಕೂಲು ವಿದ್ಯಾರ್ಥಿನಿಯದು.

ಪ್ರಶ್ನೆ: ನನ್ನ ಕ್ಲಾಸಿನಲ್ಲಿ 45 ಮಕ್ಕಳು, 40 ನಿಮಿಷದ ಪೀರಿಯಡ್. ಯಾವ ಪಾಠ, ಯಾವಾಗ ಪರೀಕ್ಷೆ ಎಲ್ಲವೂ ಮೇಲಿನಿಂದ ತೀರ್ಮಾನವಾಗಿಯೇ ಬರುತ್ತದೆ. ಮಕ್ಕಳಿಗೆ ಬಿಟ್ಟುಕೊಡುವುದಕ್ಕೆ ನನ್ನ ಕೈಯಲ್ಲಾದರೂ ಏನಿದೆ?

ಏನು ಕಲಿಸಬೇಕು ಎಂಬುದು ನಿಮ್ಮ ಕೈಯಲ್ಲಿಲ್ಲ, ನಿಜ. ಪಾಠಗಳ ಕ್ರಮ, ಯಾರು ಯಾರ ಪಕ್ಕ ಕೂರಬೇಕು, ಹೋಮ್‌ವರ್ಕ್ ಯಾವ ದಿನ ಒಪ್ಪಿಸಬೇಕು, ಕಲಿತದ್ದನ್ನು ಬರೆದು ತೋರಿಸಬೇಕೋ ಮಾಡಿ ತೋರಿಸಬೇಕೋ, ಪುನರಾವರ್ತನೆಗೆ ಯಾವ ಅಧ್ಯಾಯ ಮೊದಲು ಎಂಬುದೆಲ್ಲ ಬಹುಪಾಲು ನಿಮ್ಮದೇ. ಒಂದು ದೊಡ್ಡ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ‘ಟೀಚರ್ ತೀರ್ಮಾನ’, ‘ಕೂಡಿ ತೀರ್ಮಾನ’, ‘ಮಕ್ಕಳ ತೀರ್ಮಾನ’. ಪಠ್ಯ, ಪರೀಕ್ಷೆಯ ದಿನ, ಸುರಕ್ಷತೆಯ ನಿಯಮಗಳು ಮೊದಲನೆಯದಕ್ಕೆ. ಮೂರನೆಯದರಲ್ಲಿ ಎರಡೇ ಎರಡು ವಿಷಯವಿದ್ದರೂ ಸಾಕು, ಅವು ನಿಜವಾಗಿಯೂ ಅವರವೇ ಆಗಿರಬೇಕು. ಹಾಳೆಯನ್ನು ಗೋಡೆಗೆ ಅಂಟಿಸಿ.

ಈ ಹಾಳೆಯನ್ನು ಬಿಟ್ಟುಬಿಡುವವರೇ ಜಾಸ್ತಿ. ಹುಮ್ಮಸ್ಸಿನಲ್ಲಿ ‘ನಿಮಗೇನನಿಸುತ್ತೆ ಹೇಳಿ’ ಎಂದು ಶುರುಮಾಡುತ್ತಾರೆ. ಮಕ್ಕಳು ಪರೀಕ್ಷೆಯೇ ಬೇಡ ಎನ್ನುತ್ತಾರೆ. ‘ಅದಾಗಲ್ಲ’ ಎಂದು ತಳ್ಳಿಹಾಕಿದ ಮೇಲೆ, ಮುಂದಿನ ಸಲ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಮಕ್ಕಳಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿವೆ ಎಂದು ಹೆಸರಾದ ಶಾಲೆಗಳಲ್ಲೂ ಇಂಥ ಗೆರೆ ಇದೆ. 1921ರಲ್ಲಿ ಎ.ಎಸ್. ನೀಲ್ ಶುರುಮಾಡಿದ, ಈಗ ಇಂಗ್ಲೆಂಡಿನಲ್ಲಿರುವ ಸಮರ್‌ಹಿಲ್ ಶಾಲೆಯ ಸಭೆಯಲ್ಲಿ ಆರು ವರ್ಷದ ಮಗುವಿಗೂ ಮುಖ್ಯಸ್ಥರಿಗೂ ತಲಾ ಒಂದೇ ವೋಟು, ಆದರೆ ಶಿಕ್ಷಕರ ನೇಮಕ ಆ ಸಭೆಯ ವ್ಯಾಪ್ತಿಗೆ ಬರುವುದಿಲ್ಲ. ಅಮೆರಿಕದಲ್ಲಿ 1968ರಲ್ಲಿ ಶುರುವಾದ ಸಡ್‌ಬರಿ ವ್ಯಾಲಿ ಶಾಲೆಯಲ್ಲಿ ಅದೂ ಸಭೆಯದೇ: ಮುಂದಿನ ವರ್ಷ ಯಾವ ಶಿಕ್ಷಕರು ಇರಬೇಕು ಎಂದು ಮಕ್ಕಳೂ ವೋಟು ಹಾಕುತ್ತಾರೆ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ವಾದ ಮುಗಿಯುವಂಥದ್ದಲ್ಲ. ನಿಮ್ಮ ಕ್ಲಾಸಿನಲ್ಲಿ ಅದು ಎಲ್ಲಿದೆ ಎಂಬುದು ಮಾತ್ರ ಮಕ್ಕಳಿಗೆ ಮೊದಲೇ ಗೊತ್ತಿರಬೇಕು.

ಪಾಠದ ಒಳಗೇ ಅವಕಾಶ ಮಾಡಬೇಕೆಂದರೆ, ಆಸ್ಟ್ರೇಲಿಯಾದ ಶಿಕ್ಷಣತಜ್ಞ ಗಾರ್ತ್ ಬೂಮರ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಬಳಕೆಗೆ ತಂದ ನಾಲ್ಕು ಪ್ರಶ್ನೆಗಳು ಕೈಗೆಟುಕುವಂಥವು. ಈ ವಿಷಯದಲ್ಲಿ ನಮಗೆ ಈಗಾಗಲೇ ಏನು ಗೊತ್ತು? ಏನು ತಿಳಿಯಬೇಕು, ಏನು ತಿಳಿಯುವ ಆಸೆ? ಹೇಗೆ ತಿಳಿಯೋಣ? ತಿಳಿಯಿತು ಎಂದು ಹೇಗೆ ಗೊತ್ತಾಗುತ್ತದೆ, ಹೇಗೆ ತೋರಿಸೋಣ? ಹೊಸ ಘಟಕದ ಮೊದಲ ಪೀರಿಯಡ್ಡಿನಲ್ಲಿ ಮೊದಲೆರಡು ಪ್ರಶ್ನೆಗಳಿಗೆ 15 ನಿಮಿಷ ಕೊಡಿ. ಉದಾಹರಣೆಗೆ ‘ವಿದ್ಯುತ್’ ಎಂದಿಟ್ಟುಕೊಳ್ಳಿ. ‘ತಂತಿ ಮೇಲೆ ಕೂತ ಹಕ್ಕಿಗೆ ಯಾಕೆ ಶಾಕ್ ಹೊಡೆಯಲ್ಲ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ವಿಭವಾಂತರದ (ವೋಲ್ಟೇಜ್ ವ್ಯತ್ಯಾಸದ) ಪಾಠಕ್ಕೆ ಅದಕ್ಕಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ. ಬಂದ ಪ್ರಶ್ನೆಗಳನ್ನು ಪಠ್ಯದ ಉಪಶೀರ್ಷಿಕೆಗಳ ಎದುರು ಬರೆಯಿರಿ. ಪಠ್ಯದೊಳಗೆ ಹೊಂದದೆ ಉಳಿದವುಗಳಲ್ಲಿ ಎರಡನ್ನು ಮಕ್ಕಳೇ ಆರಿಸಲಿ, ಘಟಕದ ಕೊನೆಯ ಪೀರಿಯಡ್ ಅವಕ್ಕೆ ಮೀಸಲಿಡಿ. ಪೋರ್ಷನ್ ಹಿಂದೆ ಬಿದ್ದಿತು ಎಂದು ಆ ಪೀರಿಯಡ್ಡನ್ನು ನುಂಗಿಹಾಕಿದರೆ, ಮುಂದಿನ ಘಟಕದಲ್ಲಿ ಪ್ರಶ್ನೆ ಕೇಳುವವರೇ ಇರುವುದಿಲ್ಲ.

ಪ್ರಶ್ನೆ: ಚರ್ಚೆ ಎಂದರೆ ಅದೇ ಐದಾರು ಮಕ್ಕಳು ಮಾತಾಡುತ್ತಾರೆ. ಉಳಿದವರು ತುಟಿಪಿಟಕ್ಕೆನ್ನುವುದಿಲ್ಲ. ಹೆಸರು ಹಿಡಿದು ಕೇಳಿದರೆ ತಲೆ ತಗ್ಗಿಸುತ್ತಾರೆ.

ಲೆಕ್ಕ ಹಾಕಿ ನೋಡಿ. 45 ಮಕ್ಕಳು, 40 ನಿಮಿಷ. ಟೀಚರ್ ಒಂದು ಮಾತೂ ಆಡದಿದ್ದರೂ ತಲೆಗೆ ಒಂದು ನಿಮಿಷ ಸಿಗುವುದಿಲ್ಲ. ಹಾಗಾಗಿ ‘ಒಬ್ಬರು ಮಾತಾಡಿ, ಉಳಿದವರು ಕೇಳಿ’ ಎಂಬ ಏರ್ಪಾಡಿನಲ್ಲಿ ಎಲ್ಲರಿಗೂ ಅವಕಾಶ ಎಂಬುದು ಸುಳ್ಳು. ಜೋಡಿಗಳಾಗಿ ಎರಡು ನಿಮಿಷ ಮಾತಾಡಿಸಿದರೆ ಅಷ್ಟರಲ್ಲೇ ಪ್ರತಿಯೊಬ್ಬರಿಗೂ ಸುಮಾರು ಒಂದು ನಿಮಿಷ ಸಿಕ್ಕಿಬಿಡುತ್ತದೆ. ಮೊದಲು ಒಬ್ಬೊಬ್ಬರೇ ಯೋಚನೆ, ಆಮೇಲೆ ಜೋಡಿ, ಆಮೇಲೆ ಇಡೀ ಕ್ಲಾಸು: ಈ ಕ್ರಮವನ್ನು 1981ರಲ್ಲಿ ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ ಹೆಸರಿಟ್ಟು ಮುಂದಿಟ್ಟರು. ಇವತ್ತು ಎಲ್ಲ ತರಬೇತಿಗಳಲ್ಲೂ ಅದನ್ನು ಹೇಳಿಕೊಡುತ್ತಾರೆ, ಎಲ್ಲರೂ ಹಾರಿಸುವುದು ಮೊದಲ ಮೆಟ್ಟಿಲನ್ನೇ. ಒಂದು ನಿಮಿಷ ಮೌನವಾಗಿ ಯೋಚಿಸಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಸದೆ ನೇರ ಜೋಡಿಗೆ ಬಿಟ್ಟರೆ, ಜೋಡಿಯಲ್ಲೂ ಚುರುಕಿನವರೇ ಮಾತಾಡುತ್ತಾರೆ, ಇನ್ನೊಬ್ಬರು ‘ಹೂಂ’ ಎನ್ನುತ್ತಾರೆ. ಕ್ಲಾಸಿಗೆ ವರದಿ ಒಪ್ಪಿಸುವಾಗ ತನ್ನ ಮಾತನ್ನು ಬಿಟ್ಟು ಜೊತೆಗಾರರ ಮಾತನ್ನು ಹೇಳಬೇಕು ಎಂದು ನಿಯಮ ಮಾಡಿ. ಆಗ ಕೇಳಿಸಿಕೊಳ್ಳದೆ ಗತ್ಯಂತರವಿಲ್ಲ. ಅಂಜುಕುಳಿ ಮಗುವಿನ ಮಾತು ಬೇರೆಯವರ ಬಾಯಿಂದಾದರೂ ಎಲ್ಲರಿಗೂ ತಲುಪುತ್ತದೆ.

ಎರಡನೆಯದು, ಕಾಯುವಿಕೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಮಾಡಿ ಅಳೆದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸರಾಸರಿ ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಕಡಿಮೆಯಾಯಿತು, ಸುಮ್ಮನಿರುತ್ತಿದ್ದವರೂ ಬಾಯಿ ತೆರೆದರು. ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಹೊತ್ತು ಕಾಯಬೇಕು ಎಂಬುದು ಆ ಅಧ್ಯಯನದ ಇನ್ನೊಂದು ಅರ್ಧ. ‘ಸರಿ’, ‘ಗುಡ್’ ಎಂದು ನೀವು ಥಟ್ಟನೆ ಮುದ್ರೆ ಒತ್ತಿದರೆ ಆ ಮಾತಿಗೆ ಇನ್ನೊಬ್ಬರು ಏನನ್ನೂ ಸೇರಿಸುವುದಿಲ್ಲ. ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ. ಮೊದಮೊದಲು ಆ ಮೌನ ಮಕ್ಕಳಿಗಿಂತ ನಿಮಗೇ ಕಷ್ಟ.

ಮಾತಿನ ಮಲ್ಲರಿಗೂ ಒಂದು ಉಪಾಯವಿದೆ. ಚರ್ಚೆಯ ಶುರುವಿನಲ್ಲಿ ಪ್ರತಿಯೊಬ್ಬರಿಗೂ ಮೂರು ಚೀಟಿ ಕೊಡಿ, ಒಮ್ಮೆ ಮಾತಾಡಿದರೆ ಒಂದು ಚೀಟಿ ಮುಂದಿಡಬೇಕು, ಮುಗಿದರೆ ಮುಗಿಯಿತು. ಎಂಟು-ಹತ್ತು ಮಕ್ಕಳ ಗುಂಪಿಗೆ ಇದು ಚೆನ್ನ. 45 ಮಕ್ಕಳಿಗೆ ಒಟ್ಟಿಗೆ ಮಾಡಿದರೆ ಚೀಟಿ ಎಣಿಸುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಎಲ್ಲ ಚೀಟಿಯನ್ನೂ ಖರ್ಚು ಮಾಡಲೇಬೇಕು ಎಂದು ಮಾತ್ರ ಹಟ ಹಿಡಿಯಬೇಡಿ. ‘ಈ ಸಲ ಪಾಸ್’ ಎನ್ನುವ ಹಕ್ಕು ಇರಲಿ. ಪಾಸ್ ಎಂದವರು ಕೊನೆಯಲ್ಲಿ ಎರಡು ಸಾಲು ಬರೆದು ಕೊಡಲಿ. ಮಾತಾಡದ ಮಗು ಯೋಚಿಸುತ್ತಿಲ್ಲ ಎಂದು ನಾವು ಅಂದುಕೊಂಡಿರುವುದು ಎಷ್ಟು ತಪ್ಪು ಎಂದು ಆ ಎರಡು ಸಾಲು ಓದಿದಾಗ ತಿಳಿಯುತ್ತದೆ.

ಪ್ರಶ್ನೆ: ವಾರಕ್ಕೊಮ್ಮೆ ತರಗತಿ ಸಭೆ ಶುರುಮಾಡಿದ್ದೇವೆ. ಅದು ಚಾಡಿ ಹೇಳುವ ಸಭೆಯಾಗಿಬಿಟ್ಟಿದೆ. ತೀರ್ಪು ಕೊಡಿ ಎಂದರೆ ಮಕ್ಕಳು ನಮಗಿಂತ ಕಠೋರ ಶಿಕ್ಷೆ ಹೇಳುತ್ತಾರೆ. ನಿಲ್ಲಿಸಿಬಿಡೋಣವೇ?

ನಿಲ್ಲಿಸಬೇಡಿ, ನಡೆಸುವ ರೀತಿ ಬದಲಿಸಿ. ಸಭೆ ಹದಗೆಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಅಜೆಂಡಾ ಇರುವುದಿಲ್ಲ, ಹಾಗಾಗಿ ಆ ಹೊತ್ತಿಗೆ ಯಾರ ಸಿಟ್ಟು ಬಿಸಿಯಾಗಿದೆಯೋ ಅದೇ ವಿಷಯವಾಗುತ್ತದೆ. ಜೊತೆಗೆ, ಸಭೆ ನ್ಯಾಯ ತೀರ್ಮಾನಕ್ಕೆ ಸೇರಿದೆ ಎಂದು ಮಕ್ಕಳು ಭಾವಿಸಿರುತ್ತಾರೆ.

ಅಜೆಂಡಾಕ್ಕೆ ಫ್ರಾನ್ಸಿನ ಶಿಕ್ಷಕ ಸೆಲೆಸ್ತಾಂ ಫ್ರೆನೆ ಅವರ ಗೋಡೆಹಾಳೆಯನ್ನು ಎರವಲು ಪಡೆಯಬಹುದು. ವಾರಪೂರ್ತಿ ಗೋಡೆಯ ಮೇಲಿರುವ ಆ ಹಾಳೆಯಲ್ಲಿ ನಾಲ್ಕು ಅಂಕಣ: ನನ್ನ ಟೀಕೆ, ನನ್ನ ಅಭಿನಂದನೆ, ನನ್ನ ಬೇಡಿಕೆ, ನಾನು ಮಾಡಿದ್ದು. ಬರೆದವರು ಸಹಿ ಹಾಕಬೇಕು, ಬರೆದದ್ದನ್ನು ಯಾರೂ ಅಳಿಸುವಂತಿಲ್ಲ. ಸಹಿ ಇರುವುದರಿಂದ ಅರ್ಧಕ್ಕರ್ಧ ಚಾಡಿ ಅಲ್ಲೇ ಉದುರುತ್ತದೆ. ಸಭೆಯ ಹಿಂದಿನ ದಿನ ಸಂಜೆ ಹಾಳೆಯನ್ನು ಮುಚ್ಚಿ, ಇಡೀ ತರಗತಿಗೆ ಸಂಬಂಧಿಸಿದ ಮೂರೇ ವಿಷಯ ಆರಿಸಿ. ಇಬ್ಬರ ನಡುವಿನ ಜಗಳವಾದರೆ ಆ ಇಬ್ಬರು, ಅವರೇ ಒಪ್ಪಿದ ಒಬ್ಬ ಮಧ್ಯಸ್ಥ, ಹತ್ತು ನಿಮಿಷ, ಬೇರೆ ಕಡೆ. ಹೊಡೆತ, ಬೆದರಿಕೆ, ಒಬ್ಬರನ್ನೇ ಗುರಿಮಾಡಿ ಕಾಡುವುದು, ಮೈಮುಟ್ಟಿ ಹಿಂಸಿಸುವುದು ಇವು ಸಭೆಗೆ ಬರಲೇಬಾರದು. ಅದು ಅದೇ ದಿನ ದೊಡ್ಡವರು ಹೊರಬೇಕಾದ ಹೊಣೆ. ನೊಂದ ಮಗುವನ್ನು 44 ಜನರೆದುರು ನಿಲ್ಲಿಸಿ ಸಾಕ್ಷಿ ಹೇಳಿಸುವುದು ಪ್ರಜಾಪ್ರಭುತ್ವವಲ್ಲ, ಇನ್ನೊಂದು ಪೆಟ್ಟು.

ಸಭೆಗೆ 30 ನಿಮಿಷ ಸಾಕು. ಕಳೆದ ವಾರದ ತೀರ್ಮಾನಗಳು ಏನಾದವು ಎಂದು ಓದುವುದಕ್ಕೆ 5 ನಿಮಿಷ, ಅಭಿನಂದನೆಗೆ 5, ಮೂರು ವಿಷಯಗಳಿಗೆ 15, ತೀರ್ಮಾನ ಬರೆದು ಗಟ್ಟಿಯಾಗಿ ಓದುವುದಕ್ಕೆ 5. ಮೊದಲ ಐದು ನಿಮಿಷವನ್ನು ಎಂದೂ ಬಿಡಬೇಡಿ, ಸಭೆಯ ಜೀವ ಇರುವುದೇ ಅಲ್ಲಿ. ಹೋದ ವಾರ ತೀರ್ಮಾನಿಸಿದ್ದು ಈ ವಾರ ಕೇಳುವವರಿಲ್ಲದಿದ್ದರೆ ಮಕ್ಕಳಿಗೆ ಸಭೆ ಬರೀ ಮಾತಿನ ಮನೆಯಾಗುತ್ತದೆ. ಅಧ್ಯಕ್ಷತೆ, ಟಿಪ್ಪಣಿ, ಗಡಿಯಾರ ಎಂದು ಮೂರು ಕೆಲಸ ಹಂಚಿ, ಎರಡು ಮೂರು ವಾರಕ್ಕೆ ಬದಲಿಸಿ. ಮೊದಲ ಮೂರ್ನಾಲ್ಕು ಸಭೆ ನೀವೇ ನಡೆಸಿ ತೋರಿಸಿ, ಆಮೇಲೆ ವೃತ್ತದಲ್ಲಿ ಎಲ್ಲರಂತೆ ಕೂತು ಕೈ ಎತ್ತಿ ಮಾತಾಡಿ. ಬೆಂಚುಗಳನ್ನು ಸರಿಸಲಾಗದಿದ್ದರೆ ಹೊರಗೆ ಅಥವಾ ನೆಲದ ಮೇಲೆ ಕೂರಿಸಿ. ಒಬ್ಬರ ಬೆನ್ನು ಇನ್ನೊಬ್ಬರಿಗೆ ಕಾಣುವಂತೆ ಕೂತರೆ ಮಕ್ಕಳು ಮಾತಾಡುವುದು ಟೀಚರ್ ಜೊತೆ ಮಾತ್ರ.

ತೀರ್ಮಾನವನ್ನು ‘ಎಲ್ಲರೂ ಸ್ವಚ್ಛವಾಗಿಡಬೇಕು’ ಎಂದು ಬರೆದರೆ ಏನೂ ಆಗುವುದಿಲ್ಲ. ‘ಕೊನೆಯ ಬೆಲ್ಲಿಗೆ ಐದು ನಿಮಿಷ ಮುಂಚೆ ಆಯಾ ಸಾಲಿನವರು ತಮ್ಮ ಬೆಂಚಿನ ಕೆಳಗಿನ ಕಾಗದ ಎತ್ತುವುದು, ಎರಡು ವಾರದ ಮೇಲೆ ಮತ್ತೆ ನೋಡುವುದು’ ಎಂದು ಬರೆಯಿಸಿ. ಯಾರು, ಏನು, ಯಾವಾಗ, ಮರುಪರಿಶೀಲನೆ ಯಾವ ದಿನ ಎಂಬ ನಾಲ್ಕೂ ಇರಬೇಕು.

ಕೈ ಎತ್ತಿಸಿ ಬಹುಮತ ಎಣಿಸುವುದಕ್ಕೆ ಆತುರ ಬೇಡ. 23ಕ್ಕೆ 22ರಂತೆ ಗೆದ್ದ ತೀರ್ಮಾನವನ್ನು ಆ 22 ಜನ ಯಾಕೆ ಪಾಲಿಸಬೇಕು? ಡಚ್ ಶಿಕ್ಷಣತಜ್ಞ ಕೇಸ್ ಬುಕೆ 1926ರಲ್ಲಿ ಬಿಲ್ಟ್‌ಹೋವನ್‌ನಲ್ಲಿ ಶುರುಮಾಡಿದ ಶಾಲೆಯಲ್ಲಿ ಬಹುಮತದ ಬದಲು ಒಪ್ಪಿಗೆಯ ಮೇಲೆ ಸಭೆ ನಡೆಯುತ್ತಿತ್ತು. ನೀವು ಕೇಳಬೇಕಾದ್ದು ‘ಯಾರಿಗೆ ಇಷ್ಟ?’ ಎಂದಲ್ಲ, ‘ಎರಡು ವಾರ ನೋಡುವುದಕ್ಕೆ ಯಾರಿಗಾದರೂ ತೊಂದರೆ ಇದೆಯೇ, ಏನು ತೊಂದರೆ?’ ಎಂದು. ಆಕ್ಷೇಪಕ್ಕೆ ಕಾರಣ ಕೊಡಬೇಕು, ಕಾರಣ ಸರಿಯಿದ್ದರೆ ಪ್ರಸ್ತಾವವನ್ನು ಅಷ್ಟರಮಟ್ಟಿಗೆ ತಿದ್ದಬೇಕು. ಹದಿನೈದು ನಿಮಿಷದಲ್ಲಿ ಮುಗಿಯದಿದ್ದರೆ ಮುಂದಿನ ವಾರಕ್ಕೆ ಹಾಕಿ. ಪ್ರವಾಸಕ್ಕೆ ಯಾವ ಬಣ್ಣದ ಟೊಪ್ಪಿ ಎಂಬಂಥದ್ದಕ್ಕೆ ಬಹುಮತವೇ ಸಾಕು.

ಇನ್ನು ಶಿಕ್ಷೆ. ಮಕ್ಕಳು ಕಠೋರ ತೀರ್ಪು ಹೇಳುವುದು ಸಹಜ. ದೊಡ್ಡವರು ತಮಗೆ ಮಾಡಿದ್ದನ್ನೇ ಅವರು ಮರಳಿ ಆಡಿಸುತ್ತಾರೆ. ಪೋಲೆಂಡಿನ ವಾರ್ಸಾದಲ್ಲಿ ವೈದ್ಯ, ಶಿಕ್ಷಣತಜ್ಞ ಯಾನುಷ್ ಕೊರ್ಚಾಕ್ ನಡೆಸುತ್ತಿದ್ದ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು. ಅದರ ಸಂಹಿತೆಯ ಮೊದಲ 99 ಕಲಮುಗಳೂ ದೂರನ್ನು ಕೈಬಿಡುವುದಕ್ಕೋ ಕ್ಷಮಿಸುವುದಕ್ಕೋ ಸೇರಿದವು. ತಪ್ಪೆಂದು ಹೇಳುವ ಕಲಮುಗಳು 100ರಿಂದ ಶುರುವಾಗಿ ನೂರು ನೂರಾಗಿ ಏರಿ, ಮನೆಯಿಂದ ಹೊರಹಾಕುವ 1000ಕ್ಕೆ ನಿಲ್ಲುತ್ತಿದ್ದವು. ದೊಡ್ಡವರ ಮೇಲೂ ಅಲ್ಲಿ ದೂರು ಕೊಡಬಹುದಿತ್ತು, ಕೊರ್ಚಾಕರೇ ಆ ನ್ಯಾಯಾಲಯದೆದುರು ನಿಂತದ್ದುಂಟು. ನಿಮ್ಮ ಕ್ಲಾಸಿಗೆ ಸಂಹಿತೆ ಬೇಕಿಲ್ಲ. ಯಾರಾದರೂ ಶಿಕ್ಷೆ ಸೂಚಿಸಿದಾಗ ‘ಇದರಿಂದ ಹಾಳಾದದ್ದು ಸರಿಹೋಗುತ್ತದೆಯೇ?’ ಎಂದು ಅಧ್ಯಕ್ಷ ಸ್ಥಾನದ ಮಗು ಕೇಳುವ ರೂಢಿ ಮಾಡಿ. ಚೆಲ್ಲಿದವರು ಒರೆಸುವುದು, ಹರಿದವರು ಅಂಟಿಸುವುದು, ಇಷ್ಟಕ್ಕೆ ಮುಗಿಸಿ. ಅವಮಾನ, ದಂಡ, ಮೈಗೆ ನೋವು ಕೊಡುವುದು ಯಾವ ಬಹುಮತದ ಕೈಯಲ್ಲೂ ಇಲ್ಲ ಎಂದು ಮೂರು ಕಾಲಂ ಹಾಳೆಯ ‘ಟೀಚರ್ ತೀರ್ಮಾನ’ ಕಾಲಂನಲ್ಲೇ ಬರೆದಿಡಿ.

ಪ್ರಶ್ನೆ: ಮಕ್ಕಳೇ ತಮಗೆ ಅಂಕ ಕೊಟ್ಟುಕೊಳ್ಳಲಿ ಎಂದರೆ ಎಲ್ಲರೂ ಹತ್ತಕ್ಕೆ ಹತ್ತು ಹಾಕಿಕೊಳ್ಳುವುದಿಲ್ಲವೇ?

ಕೆಲವರು ಹಾಕಿಕೊಳ್ಳುತ್ತಾರೆ. ವಿಚಿತ್ರವೆಂದರೆ ಚೆನ್ನಾಗಿ ಓದುವವರು ಹಲವು ಸಲ ಏಳು ಹಾಕಿಕೊಳ್ಳುತ್ತಾರೆ, ಹಿಂದುಳಿದವರು ಒಂಬತ್ತು. ಒಳ್ಳೆಯ ಉತ್ತರ ಎಂದರೇನು ಎಂಬುದೇ ಸ್ಪಷ್ಟವಿಲ್ಲದಾಗ ಹೀಗಾಗುತ್ತದೆ, ಆದ್ದರಿಂದ ಮೊದಲು ಮಾನದಂಡ, ಆಮೇಲೆ ಅಂಕ. ಒಂದೇ ಪ್ರಶ್ನೆಗೆ ಹೆಸರಿಲ್ಲದ ಮೂರು ಉತ್ತರ ತನ್ನಿ: ಒಳ್ಳೆಯದೊಂದು, ಮಧ್ಯಮ ಒಂದು, ಉದ್ದವಾಗಿ ದುಂಡಗೆ ಬರೆದಿದ್ದರೂ ತಿರುಳಿಲ್ಲದ್ದೊಂದು. ಈ ಮೂರನೆಯದು ಬೇಕೇ ಬೇಕು, ಯಾಕೆಂದರೆ ಮಾನದಂಡ ಹೇಳಿ ಎಂದರೆ ಮಕ್ಕಳು ಮೊದಲು ಹೇಳುವುದು ‘ಅಕ್ಷರ ಚೆನ್ನಾಗಿರಬೇಕು, ಎರಡು ಪುಟ ಇರಬೇಕು’ ಎಂದೇ. ಜೋಡಿಗಳಲ್ಲಿ ಮೂರನ್ನೂ ಕ್ರಮವಾಗಿ ಜೋಡಿಸಿ ಕಾರಣ ಹೇಳಲಿ. ಬೋರ್ಡಿನ ಮೇಲೆ ಬಂದ ಹತ್ತು ಹನ್ನೆರಡು ಕಾರಣಗಳನ್ನು ನಾಲ್ಕಕ್ಕೆ ಇಳಿಸಿ. ನಾಲ್ಕಕ್ಕಿಂತ ಹೆಚ್ಚಾದರೆ ಯಾರೂ ನೋಡುವುದಿಲ್ಲ. ಉತ್ತರ ಒಪ್ಪಿಸುವಾಗ ಪ್ರತಿ ಮಾನದಂಡದ ಎದುರು ತನ್ನ ಉತ್ತರದ ಯಾವ ಸಾಲು ಅದಕ್ಕೆ ಸಾಕ್ಷಿ ಎಂದು ಮಗು ಅಡಿಗೆರೆ ಎಳೆಯಬೇಕು. ನಿಮ್ಮ ಅಂಕಕ್ಕೂ ಅವರ ಅಂಕಕ್ಕೂ ಹತ್ತರಲ್ಲಿ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದಲ್ಲಿ ಮಾತ್ರ ಕರೆದು ಮಾತಾಡಿ, ಎಲ್ಲರ ಜೊತೆ ಮಾತಾಡಲು ಸಮಯವಿರುವುದಿಲ್ಲ. ಅಂತಿಮ ಅಂಕ ನಿಮ್ಮದೇ ಎಂದಾದರೆ ಅದನ್ನೂ ಮೊದಲೇ ಹೇಳಿ.

ಪ್ರಶ್ನೆ: ನನ್ನ ಪಾಠದ ಬಗ್ಗೆ ಮಕ್ಕಳ ಅಭಿಪ್ರಾಯ ಕೇಳಿದೆ. ‘ತುಂಬಾ ಚೆನ್ನಾಗಿ ಮಾಡ್ತೀರ ಮಿಸ್’ ಎಂದಷ್ಟೇ ಬರುತ್ತದೆ.

ಹೆಸರು ಬರೆಸಿರಬೇಕು, ಇಲ್ಲವೇ ವರ್ಷದ ಕೊನೆಯಲ್ಲಿ ಕೇಳಿರಬೇಕು. ಮೇಲೆ ಗೋಡೆಹಾಳೆಗೆ ಸಹಿ ಬೇಕು ಎಂದೆವು, ಇಲ್ಲಿ ಬೇಡ ಎನ್ನುತ್ತಿದ್ದೇವೆ. ಸರಿಸಮಾನರನ್ನು ಟೀಕಿಸುವವರು ಹೆಸರು ಹೇಳಬೇಕು. ಅಂಕ ಹಾಕುವವರನ್ನು ಟೀಕಿಸುವವರಿಗೆ ಮರೆ ಬೇಕು. ಅವಧಿಯ ನಡುವೆ, ಇನ್ನೂ ಬದಲಿಸಲು ಸಮಯವಿರುವಾಗ ಕೇಳಿ. ಒಂದು ಚೀಟಿ, ಮೂರು ಪ್ರಶ್ನೆ: ನಾನು ಮಾಡುತ್ತಿರುವ ಯಾವುದು ನಿಮಗೆ ಕಲಿಯಲು ಸಹಾಯವಾಗುತ್ತಿದೆ? ಯಾವುದು ಅಡ್ಡಿಯಾಗುತ್ತಿದೆ? ಮುಂದಿನ ತಿಂಗಳು ಒಂದನ್ನು ಬದಲಿಸಬಹುದಾದರೆ ಯಾವುದು? ‘ಪಾಠ ಹೇಗಿದೆ’ ಎಂದು ಕೇಳಿದರೆ ಹೊಗಳಿಕೆಯೇ ಬರುತ್ತದೆ. ಕೈಬರಹ ನಿಮಗೆ ಪರಿಚಯವಿರುತ್ತದೆ ಎಂದು ಮಕ್ಕಳಿಗೂ ಗೊತ್ತು. ಒಬ್ಬ ಮಗುವೇ ಎಲ್ಲ ಚೀಟಿಗಳನ್ನು ಒಂದು ಹಾಳೆಗೆ ನಕಲು ಮಾಡಿಕೊಡಲಿ, ಅಥವಾ ಅಚ್ಚು ಹಾಕಿದ ಆಯ್ಕೆಗಳಿಗೆ ಟಿಕ್ ಮಾಡಲಿ. ಒಂದು ವಾರದೊಳಗೆ ಕ್ಲಾಸಿನಲ್ಲಿ ನಿಂತು ಹೇಳಿ: ಇದನ್ನು ಬದಲಿಸುತ್ತೇನೆ, ಇದನ್ನು ಬದಲಿಸಲಾಗದು, ಕಾರಣ ಇದು. ಬದಲಿಸುವಂಥ ಒಂದೂ ಸಿಗದಿದ್ದರೆ ಚೀಟಿಗಳನ್ನು ಮತ್ತೊಮ್ಮೆ ಓದಿ.

ಪ್ರಶ್ನೆ: ಮಗಳ ಶಾಲೆಯಲ್ಲಿ ಇದೆಲ್ಲ ಶುರುವಾದ ಮೇಲೆ ಮನೆಯಲ್ಲೂ ಎಲ್ಲದಕ್ಕೂ ‘ಯಾಕೆ’ ಎನ್ನುತ್ತಾಳೆ. ಶಿಸ್ತು ಕೆಡುವುದಿಲ್ಲವೇ?

‘ಯಾಕೆ’ ಎಂದು ಕೇಳಿದ ಮೇಲೆ ಉತ್ತರ ಕೇಳಿಸಿಕೊಂಡು ಕೆಲಸ ಮಾಡುತ್ತಾಳೆಯೇ ಎಂದು ಗಮನಿಸಿ. ಮಾಡಿದರೆ ಕೆಟ್ಟಿಲ್ಲ. ಮಾಡದೆ ವಾದವನ್ನೇ ಎಳೆದರೆ, ಅದೇ ಮೂರು ಕಾಲಂ ಮನೆಯ ಗೋಡೆಗೂ ಬರಲಿ: ಮಲಗುವ ಸಮಯ ನಿಮ್ಮದು, ಓದುವ ಜಾಗ ಅವಳದು, ರಜೆಯ ದಿನದ ವೇಳಾಪಟ್ಟಿ ಕೂಡಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು, ವಿದ್ಯಾರ್ಥಿ ಸಂಸತ್ತಿನಲ್ಲಿ ಇದ್ದೇನೆ. ಸಭೆಗೆ ಕರೆಯುತ್ತಾರೆ, ಫೋಟೊ ತೆಗೆಯುತ್ತಾರೆ. ನಾವು ಹೇಳಿದ್ದು ಒಂದೂ ಆಗುವುದಿಲ್ಲ. ಏನು ಮಾಡಲಿ ಸರ್?

ನೀನು ಹೇಳುತ್ತಿರುವುದಕ್ಕೆ ಒಂದು ಅಳತೆಗೋಲೇ ಇದೆಯಮ್ಮ. ಮಕ್ಕಳ ಬಗ್ಗೆ ಸಂಶೋಧನೆ ಮಾಡುವ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದಾಗ ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು, ಅಂದರೆ ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ಕೂರಿಸುವುದು, ಲೆಕ್ಕಕ್ಕೆ ಸೇರಿಸುವುದು, ಇವು ಪಾಲ್ಗೊಳ್ಳುವಿಕೆಯೇ ಅಲ್ಲ ಎಂದರು. ನಿನ್ನ ಸಂಸತ್ತು ಸದ್ಯಕ್ಕೆ ಅಲ್ಲೆಲ್ಲೋ ಇದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಕ್ಕಳಿಗೆ ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಕೊಡುವುದಲ್ಲದೆ, ವಯಸ್ಸು ಮತ್ತು ಪಕ್ವತೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಎಂದೂ ಹೇಳುತ್ತದೆ.

ಈಗ ಮಾಡಬೇಕಾದ ಕೆಲಸ. ಹತ್ತು ಬೇಡಿಕೆಯ ಪಟ್ಟಿ ಕೊಡಬೇಡಿ, ಅದರಲ್ಲಿ ಸುಲಭದ್ದೊಂದನ್ನು ಆರಿಸಿ ಉಳಿದದ್ದನ್ನು ಮರೆಯುವುದು ಸುಲಭ. ಒಂದೇ ವಿಷಯ ತೆಗೆದುಕೊಳ್ಳಿ, ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ ಎಂದು ಮೊದಲು ತಿಳಿದುಕೊಳ್ಳಿ. ಲೈಬ್ರರಿ ತೆರೆಯುವ ವೇಳೆ ಮುಖ್ಯ ಶಿಕ್ಷಕರ ಕೈಯಲ್ಲಿದ್ದರೆ ಲೈಬ್ರರಿ ನೋಡಿಕೊಳ್ಳುವವರನ್ನು ಪೀಡಿಸಿ ಪ್ರಯೋಜನವಿಲ್ಲ. ಎಷ್ಟು ಮಕ್ಕಳಿಗೆ ಇದು ಬೇಕು ಎಂದು ಎರಡು ಮೂರು ಕ್ಲಾಸುಗಳಲ್ಲಿ ಎಣಿಸಿ, ನಿನ್ನ ಗೆಳತಿಯರನ್ನಷ್ಟೇ ಕೇಳಿದರೆ ಸಾಲದು. ಆಮೇಲೆ ಅರ್ಧ ಪುಟ ಬರೆಯಿರಿ: ಈಗ ಹೇಗಿದೆ, ಏನು ಬೇಕು, ಇದರಿಂದ ಯಾರ ಮೇಲೆ ಎಷ್ಟು ಕೆಲಸ ಬೀಳುತ್ತದೆ, ಅದರಲ್ಲಿ ನಾವು ಏನು ಹೊರುತ್ತೇವೆ. ಕೊನೆಯ ಎರಡನ್ನು ಮಕ್ಕಳು ಬರೆಯುವುದೇ ಇಲ್ಲ, ದೊಡ್ಡವರು ತಳ್ಳಿಹಾಕುವುದು ಅಲ್ಲಿಯೇ. ಕೊಡುವಾಗ ‘ಯಾವ ದಿನ ಉತ್ತರ ಸಿಗಬಹುದು?’ ಎಂದು ವಿನಯದಿಂದ ಕೇಳಿ, ಆ ದಿನಾಂಕವನ್ನು ಸಭೆಯ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಆಗದು ಎಂದರೆ ಕಾರಣವನ್ನೂ ಅದೇ ಪುಟದಲ್ಲಿ ಬರೆದಿಡಿ. ಮುಂದಿನ ವರ್ಷ ಸಂಸತ್ತಿಗೆ ಬರುವವರು ಅದೇ ಬೇಡಿಕೆಯನ್ನು ಆ ಕಾರಣ ನೋಡಿಕೊಂಡು ಅಲ್ಲಿಂದ ಮುಂದಕ್ಕೆ ಎತ್ತಿಕೊಳ್ಳಬಹುದು.